ಮುಲಾಮು ಒಳಗೆ ಹೋಗುವುದಿಲ್ಲವಂತೆ!

ಸಂಪಾದಕರಿಗೆ,

ನಮ್ಮ ತಾಲೂಕಿನ ಔಷಧ ಅಂಗಡಿಗಳ ತಪಾಸಣೆ ನಡೆದ ಸುದ್ದಿಯನ್ನು ಫೋಟೊ ಸಮೇತ ಓದಿದೆ. ಎಲ್ಲವೂ ಸರಿಯಿದೆಯಂತೆ, ಸಂತೋಷ. ಸುದ್ದಿ ಬಂದ ಮರುದಿನವೇ ಮೊಮ್ಮಗನ ತೊಡೆಸಂದಿ ಕೆಂಪಾಗಿ ಚರ್ಮ ಸುಲಿದಿದೆಯೆಂದು ಸೊಸೆ ಮುಲಾಮು ಕೇಳಿದರೆ, ಅಂಗಡಿಯವ ಚೀಟಿ ಕೇಳದೆ ಕೊಟ್ಟದ್ದು ಕ್ಲೊಬೆಟಸಾಲ್ ಟ್ಯೂಬು. ಹಚ್ಚುವ ಸ್ಟೀರಾಯ್ಡ್‌ಗಳಲ್ಲೇ ಅತಿ ಜೋರಿನದು. ಮಗು ಇನ್ನೂ ಅಂಬೆಗಾಲಿಡುತ್ತಿದೆ. ಸುರಿವ ಮಳೆಯಲ್ಲಿ ವಾಪಸು ಕೊಡಲು ನಾನೇ ಹೋದರೆ, "ಮೇಲಿಂದ ಹಚ್ಚೂದಲ್ರೀ, ಒಳಗೆಲ್ಲಿ ಹೋಗ್ತದೆ?" ಎಂಬ ಪಾಠ. ದುಡ್ಡೂ ಇಲ್ಲ, ಸೀಲು ಒಡೆದಿದೆಯಂತೆ.

ಹೋಗ್ತದೆ ಮಾರಾಯ್ರೇ! 1967ರಲ್ಲೇ ಹೈಡ್ರೊಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಹಚ್ಚಿ ಅಳೆದು ನೋಡಿದ್ದಾರೆ. ಮುಂಗೈಯ ಒಳಬದಿಯಲ್ಲಿ ಹಚ್ಚಿದ್ದರ ಶೇ 1ರಷ್ಟು ಒಳಗಿಳಿದರೆ, ದವಡೆಯ ಮೂಲೆಯಲ್ಲಿ ಅದರ 13 ಪಟ್ಟು, ವೃಷಣದ ಚರ್ಮದಲ್ಲಿ 42 ಪಟ್ಟು. ಇದು ಚೆನ್ನಾಗಿರುವ ಚರ್ಮದ ಲೆಕ್ಕ. ಸುಲಿದ ಜಾಗದಲ್ಲಿ ತಡೆಯುವ ಮೇಲ್ಪದರವೇ ಇರುವುದಿಲ್ಲ. ಹಿನ್ನೀರಿನಂಚಿನ ಗಜನಿ ಗದ್ದೆಯ ಕಟ್ಟೆ ಒಡೆದ ಮೇಲೆ ಉಪ್ಪುನೀರಿಗೆ ಅಡ್ಡಿ ಯಾರು? ಮೇಲೆ ಡೈಪರ್ ಬಿಗಿದರೆ ಇನ್ನೂ ಹೆಚ್ಚು. ಗಾಳಿಯಾಡದಂತೆ ಮುಚ್ಚಿದ ಚರ್ಮ ಹತ್ತು ಪಟ್ಟಿನವರೆಗೂ ಹೀರಬಲ್ಲದು. ಮಗುವಿನ ತೂಕಕ್ಕೆ ಮೈಚರ್ಮದ ಹರವೂ ದೊಡ್ಡದು. ವಾರಗಟ್ಟಲೆ ಹಚ್ಚಿದರೆ ಔಷಧ ರಕ್ತಕ್ಕಿಳಿದು ಮೈಗೆ ಬೇಕಾದ ಸ್ಟೀರಾಯ್ಡ್ ತಯಾರಿಸುವ ಅಡ್ರಿನಲ್ ಗ್ರಂಥಿಯನ್ನೇ ಮಂಕಾಗಿಸಬಹುದು. ಸೊಸೆ ಹೆಸರು ಓದಿ ತಿಳಿದವಳು, ಬಚಾವು. ಹುಳಕಡ್ಡಿಗೂ ಇಂಥದ್ದೇ ಟ್ಯೂಬು ಒಯ್ದು, ತುರಿಕೆ ನಿಂತಿತೆಂದು ಖುಷಿಪಟ್ಟು, ಆಮೇಲೆ ಮೈತುಂಬ ಹಬ್ಬಿಸಿಕೊಂಡವರು ನಮ್ಮ ಕೇರಿಯಲ್ಲೇ ಇದ್ದಾರೆ.

ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು 2018ರಲ್ಲೇ ಕೇಂದ್ರ ಸರ್ಕಾರ ಶೆಡ್ಯೂಲ್ ಎಚ್ ಎಂಬ ಔಷಧಪಟ್ಟಿಗೆ ಸೇರಿಸಿದೆ, ಡಾಕ್ಟರ ಚೀಟಿ ಬೇಕೇ ಬೇಕು. ಆ ಆದೇಶ ಘಟ್ಟ ಇಳಿಯುವಾಗ ಮಳೆಗೆ ತೊಯ್ದುಹೋಯಿತೋ ಏನೋ.

ಹಾಗಂತ ಚೀಟಿ ಬರೆಸೋಣವೆಂದರೆ ಚರ್ಮದ ಡಾಕ್ಟರು ರಜೆ. ಗುರುವಾರ ಬನ್ನಿ ಎಂದರು. ಗುರುವಾರ ಹೋದರೆ ಮೀಟಿಂಗು. ರಾತ್ರಿ ಕರೆಂಟಿಲ್ಲ, ಮಗುವಿಗೆ ನಿದ್ದೆಯಿಲ್ಲ, ನಮಗಂತೂ ಮೊದಲೇ ಇಲ್ಲ. ಹೊಂಡದ ಹೆದ್ದಾರಿಯಲ್ಲಿ ಕೂಸನ್ನು ಮಣಿಪಾಲಕ್ಕೆ ಒಯ್ಯಬೇಕೆ? ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಎಂದು ಕೂಗಿ ಕೂಗಿ ಗಂಟಲು ಒಣಗಿತು. ಚುನಾವಣೆ ಬಂದಾಗ ಜಾಗ ನೋಡುತ್ತಾರೆ, ಮುಗಿದ ಮೇಲೆ ನಮ್ಮನ್ನೂ ನೋಡುವುದಿಲ್ಲ.

ಸಂಬಂಧಪಟ್ಟವರು ಅಂಗಡಿಯವರಿಗೆ ಬುದ್ಧಿ ಹೇಳಲಿ, ಇಲ್ಲವೇ ಆಸ್ಪತ್ರೆಯನ್ನಾದರೂ ಕೊಡಲಿ. ಎರಡೂ ಆಗದಿದ್ದರೆ ಸಂಬಳವನ್ನಾದರೂ ಸ್ವಲ್ಪ ನಾಚಿಕೊಂಡು ತೆಗೆದುಕೊಳ್ಳಲಿ.

– ನೊಂದ ಓದುಗ, ಕುಮಟಾ