ಹಳೆ ಬಟ್ಟೆಯ ಗಂಟುಗಳನ್ನು ದಯವಿಟ್ಟು ವಾಪಸ್ ಒಯ್ಯಿರಿ: ಪೋಷಕರಿಗೊಂದು ಪತ್ರ

ಎಲ್ಲ ಪೋಷಕರಿಗೆ ನಮಸ್ಕಾರ.

ಸೋಮವಾರದಿಂದ ನಮ್ಮ ಬಿಸಿಯೂಟದ ದಾಸ್ತಾನು ಕೋಣೆಯಲ್ಲಿ ಅಕ್ಕಿ ಚೀಲ ಇಡುವುದಕ್ಕೂ ಜಾಗವಿಲ್ಲ. 2025ರ ಆಗಸ್ಟ್ 31ರ ರಾತ್ರಿ ಅಫ್ಗಾನಿಸ್ತಾನದ ಕುನಾರ್ ಪ್ರಾಂತ್ಯದಲ್ಲಿ ಆದ ಭೂಕಂಪವನ್ನು ಟಿವಿಯಲ್ಲಿ ಕಂಡ ಏಳನೇ ತರಗತಿ ಮಕ್ಕಳು, ಯಾರನ್ನೂ ಕೇಳದೆ, ‘ಮನೆಗೊಂದು ಗಂಟು’ ಎಂದು ಶುರುಮಾಡಿದರು. ನಾನು ಬಸವಕಲ್ಯಾಣದಲ್ಲಿ ಮೀಟಿಂಗ್ ಮುಗಿಸಿಕೊಂಡು ಬರುವಷ್ಟರಲ್ಲಿ 43 ಗಂಟುಗಳು ಬಂದು ಬಿದ್ದಿದ್ದವು. ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ, ಹೆಮ್ಮೆಯೇ ಇದೆ. ಆದರೂ ಆ ಗಂಟುಗಳನ್ನು ಎಲ್ಲಿಗೂ ಕಳಿಸುವುದಿಲ್ಲ ಎಂದು ತೀರ್ಮಾನ ಮಾಡಿದ್ದೇನೆ. ಯಾಕೆಂದು ಹೇಳುವ ಜವಾಬ್ದಾರಿ ನನ್ನದು, ಅದಕ್ಕೇ ಈ ಪತ್ರ.

ಗಂಟುಗಳನ್ನು ನಾನೂ ನಮ್ಮ ಅಡುಗೆಯವರೂ ಕೂತು ಬಿಚ್ಚಿ ನೋಡಿದೆವು. ಗುಂಡಿ ಕಿತ್ತುಹೋದ ಶರ್ಟುಗಳು, ಜರಿ ಕಪ್ಪಾದ ಧಾರೆ ಸೀರೆ, ಮೊಣಕಾಲಲ್ಲಿ ಹರಿದ ಯೂನಿಫಾರಂ, ಒಂದೇ ಕಾಲಿನ ಬೂಟು. ಒಂದು ಗಂಟಿನಲ್ಲಂತೂ ಒಗೆಯದ ಟವೆಲ್ಲು. ಕಳಿಸಿದವರನ್ನು ನಾಚಿಕೆಪಡಿಸಲು ಇದನ್ನು ಬರೆಯುತ್ತಿಲ್ಲ. 32 ವರ್ಷದ ಹಿಂದೆ ನಾನೂ ಇದನ್ನೇ ಮಾಡಿದವನು.

ನಿಮ್ಮಲ್ಲಿ ನಲವತ್ತು ದಾಟಿದವರಿಗೆಲ್ಲ ನೆನಪಿರುತ್ತದೆ. 1993ರ ಸೆಪ್ಟೆಂಬರ್ 30, ನಸುಕಿನ 3 ಗಂಟೆ 56 ನಿಮಿಷಕ್ಕೆ ಭೂಮಿ ನಡುಗಿತು. ಹಿಂದಿನ ರಾತ್ರಿ ಗಣಪತಿ ಕಳಿಸಿ ಜನ ತಡವಾಗಿ ಮಲಗಿದ್ದರು. ನಮ್ಮಲ್ಲಿ ಅಟ್ಟದ ಮೇಲಿನ ಪಾತ್ರೆಗಳು ಉರುಳಿದವು, ಅಷ್ಟೇ. ಹೆದ್ದಾರಿಯಲ್ಲಿ ಉಮರ್ಗಾ ಮುಟ್ಟಿ ಬಲಕ್ಕೆ ತಿರುಗಿದರೆ ಸಿಗುವ ಮಹಾರಾಷ್ಟ್ರದ ಕಿಲ್ಲಾರಿ, ಸಾಸ್ತೂರು ಕಡೆ ಊರಿಗೆ ಊರೇ ಕಲ್ಲಿನ ರಾಶಿ. ಸತ್ತವರು ಹತ್ತು ಸಾವಿರದ ಹತ್ತಿರ. ಆಗ ನಾನು ಟಿಸಿಎಚ್ (ಶಿಕ್ಷಕರ ತರಬೇತಿ) ಓದುತ್ತಿದ್ದೆ. ಹುಡುಗರೆಲ್ಲ ಸೇರಿ ಓಣಿ ಓಣಿ ತಿರುಗಿ ಒಂದು ಟೆಂಪೊ ತುಂಬ ಬಟ್ಟೆ, ಎರಡು ಬುಟ್ಟಿ ಕಟಕ ರೊಟ್ಟಿ, ಶೇಂಗಾ ಹಿಂಡಿ ಒಟ್ಟುಮಾಡಿ ಹೊರಟೆವು. ದಾರಿಯುದ್ದಕ್ಕೂ ವಾಹನಗಳ ಸಾಲು. ನೋಡಲು ಬಂದವರೇ ಹೆಚ್ಚು. ಮೇಲಿಂದ ಮಳೆ.

ರೊಟ್ಟಿ ಹತ್ತು ನಿಮಿಷದಲ್ಲಿ ಖಾಲಿಯಾಯಿತು. ಬಟ್ಟೆಯನ್ನು ಯಾರೂ ಮುಟ್ಟಲಿಲ್ಲ. ರಸ್ತೆ ಬದಿಯಲ್ಲಿ ನಮಗಿಂತ ಮೊದಲು ಬಂದವರು ಸುರಿದು ಹೋದ ಬಟ್ಟೆ ಕೆಸರಿನಲ್ಲಿ ನೆನೆದು ಬಿದ್ದಿತ್ತು, ಅದರ ಮೇಲೆ ಎಮ್ಮೆ ನಿಂತಿತ್ತು. ಒಂಬತ್ತು ಗಜದ ಕಚ್ಚೆ ಸೀರೆ ಉಡುವ ಹೆಂಗಸರಿಗೆ ನಾವು ಚೂಡಿದಾರ ಒಯ್ದಿದ್ದೆವು. ಅಲ್ಲಿನ ಕನ್ನಡ ಬಲ್ಲ ಒಬ್ಬ ಅಜ್ಜಿ ನನ್ನ ಕೈಯಲ್ಲಿದ್ದ ಸೀರೆಯನ್ನು ಮಡಚಿ ವಾಪಸ್ ಕೊಟ್ಟು, “ತಮ್ಮಾ, ಸೀರಿ ಇಡಾಕ ಮನಿ ಎಲ್ಲೈತಿ? ತಾಡಪತ್ರಿ ಇದ್ರ ಒಂದು ಕೊಡು” ಅಂದಳು. ನಮ್ಮಲ್ಲಿ ತಾಡಪತ್ರಿ ಇರಲಿಲ್ಲ. ಟೆಂಪೊಗೆ ಹೊದಿಸಿದ್ದನ್ನು ಕೊಡಲು ಡ್ರೈವರ್ ಒಪ್ಪಲಿಲ್ಲ.

ಹಾಗಾದರೆ ಅಲ್ಲಿ ಕೆಲಸಕ್ಕೆ ಬಂದವರು ಯಾರು? ಮೊದಲ ವಾರ ಸೈನ್ಯ, ಡಾಕ್ಟರುಗಳು, ಅನ್ನ ಬೇಯಿಸಿ ಹಾಕಿದವರು. ಅವರ ಋಣ ಸಣ್ಣದಲ್ಲ. ಆದರೆ ನಾನು ನಿಮಗೆ ಹೇಳಬೇಕೆಂದಿರುವುದು ಲಾರಿಗಳು ತಿರುಗಿ ಹೋದ ಮೇಲೂ ಅಲ್ಲೇ ಉಳಿದವರ ಮಾತು.

ಅಲ್ಲಿ ಜನರನ್ನು ಕೊಂದದ್ದು ಮನೆಯ ಗೋಡೆ ಮತ್ತು ಮಾಳಿಗೆ. ನಮ್ಮ ಹಳೆ ಮನೆಗಳ ಥರವೇ: ಗುಂಡುಕಲ್ಲನ್ನು ಮಣ್ಣಿನಲ್ಲಿ ಕೂರಿಸಿದ ದಪ್ಪ ಗೋಡೆ, ಮೇಲೆ ತೊಲೆ, ಅದರ ಮೇಲೆ ಸೋರದಿರಲಿ ಎಂದು ವರ್ಷಾ ವರ್ಷಾ ಹಾಕುತ್ತ ಬಂದ ಮಣ್ಣು. ಹೀಗಾಗಿ ಉಳಿದ ಊರುಗಳಲ್ಲಿ ಬಿರುಕು ಬಿಟ್ಟ ಮನೆಗಳನ್ನು ಗಟ್ಟಿ ಮಾಡಿಕೊಳ್ಳುವುದೇ ದೊಡ್ಡ ಕೆಲಸವಾಯಿತು. ವಿಶ್ವ ಬ್ಯಾಂಕಿನ ಸಾಲದಿಂದ ಮಹಾರಾಷ್ಟ್ರ ಸರ್ಕಾರ ಅದಕ್ಕೆ ದುಡ್ಡು ಕೊಟ್ಟಿತು. ದುಡ್ಡೇನೋ ಇತ್ತು, ಮನೆ ಮನೆಗೆ ಹೋಗಿ ತಿಳಿಸಿ ಹೇಳುವವರು ಬೇಕಲ್ಲ! ಅಲ್ಲಿಗೆ ಬಂದದ್ದು ಪ್ರೇಮಾ ಗೋಪಾಲನ್ ಅವರ ‘ಸ್ವಯಂ ಶಿಕ್ಷಣ ಪ್ರಯೋಗ’ ಎಂಬ ಸಂಸ್ಥೆ. ಅವರು ಹೊರಗಿನಿಂದ ಮೇಸ್ತ್ರಿಗಳನ್ನು ತರುವ ಬದಲು ಆಯಾ ಊರಿನ ಮಹಿಳಾ ಮಂಡಳದ ಹೆಂಗಸರನ್ನೇ ‘ಸಂವಾದ ಸಹಾಯಕ’ರನ್ನಾಗಿ ಮಾಡಿದರು. ಎಷ್ಟೋ ಜನ ಅಲ್ಲಿಯವರೆಗೆ ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತಿದವರಲ್ಲ. ಅವರು ಇಂಜಿನಿಯರನ ಹತ್ತಿರ ಕೇಳಿ ಕಲಿತರು, ಮಾಳಿಗೆಯ ಮಣ್ಣು ಇಳಿಸಿ ಭಾರ ಕಡಿಮೆ ಮಾಡುವುದು, ಗೋಡೆಯ ಈ ಮುಖದಿಂದ ಆ ಮುಖಕ್ಕೆ ಹಾಯುವ ಉದ್ದ ಕಲ್ಲು ಇಡುವುದು, ಮನೆಯ ಸುತ್ತ ಕಾಂಕ್ರೀಟಿನ ಪಟ್ಟಿ ಕಟ್ಟುವುದು. ಆಮೇಲೆ ಅಕ್ಕಪಕ್ಕದವರಿಗೆ ತಿಳಿಸಿದರು, ಸಿಮೆಂಟು ಸರಿಯಾಗಿ ಬಂತೇ ಎಂದು ಲೆಕ್ಕ ಇಟ್ಟರು. ಸಾವಿರಕ್ಕೂ ಮೇಲ್ಪಟ್ಟ ಹಳ್ಳಿಗಳಲ್ಲಿ ಇದು ನಡೆಯಿತು.

ನನಗೆ ತುಂಬ ಹಿಡಿಸುವ ಸಂಗತಿ ಇನ್ನೊಂದಿದೆ. 2001ರ ಜನವರಿ 26ರಂದು ಕಛ್‌ನಲ್ಲಿ ಭೂಮಿ ನಡುಗಿದಾಗ ಲಾತೂರು, ಉಸ್ಮಾನಾಬಾದ್ ಕಡೆಯ ಇದೇ ಹೆಂಗಸರು ಗುಜರಾತಿಗೆ ಹೋದರು. ಭಾಷೆ ಬೇರೆ, ಉಡುಗೆ ಬೇರೆ. ಆದರೂ ಮನೆ ಕಳೆದುಕೊಂಡವರ ಮುಂದೆ ಮನೆ ಕಳೆದುಕೊಂಡು ಮತ್ತೆ ಕಟ್ಟಿಕೊಂಡವರು ಕೂತು ಮಾತಾಡಿದರೆ ಅದರ ತೂಕವೇ ಬೇರೆ.

ಮಕ್ಕಳ ವಿಷಯವನ್ನು ಮೇಷ್ಟ್ರಾಗಿ ನಾನು ಬಿಡುವ ಹಾಗಿಲ್ಲ. ಶಾಂತಿಲಾಲ್ ಮುತ್ಥಾ ಅವರ ಭಾರತೀಯ ಜೈನ ಸಂಘಟನೆ ಭೂಕಂಪ ಪೀಡಿತ ಊರುಗಳಿಂದ ಸುಮಾರು 1,200 ಮಕ್ಕಳನ್ನು ಪುಣೆಗೆ ಕರೆದೊಯ್ದು ವರ್ಷಗಟ್ಟಲೆ ಇಟ್ಟುಕೊಂಡು ಓದಿಸಿತು. ಊರಿನಿಂದ ಮಕ್ಕಳನ್ನು ದೂರ ಒಯ್ಯುವುದು ಸರಿಯೇ ಎಂದು ವಾದಿಸಬಹುದು, ನನಗೂ ಆ ಅನುಮಾನ ಇದೆ. ಆದರೆ ಊರಲ್ಲಿ ಶಾಲೆಯೂ ಇಲ್ಲ, ಕೆಲವರಿಗೆ ಅಪ್ಪ ಅಮ್ಮನೂ ಇಲ್ಲ. ಆ ಹೊತ್ತಿಗೆ ಒಬ್ಬರು ಮುಂದೆ ಬಂದು, ಒಂದು ತಿಂಗಳಿಗಲ್ಲ, ಓದು ಮುಗಿಯುವವರೆಗೆ ಎಂದರಲ್ಲ, ಅದನ್ನು ಮೆಚ್ಚುತ್ತೇನೆ.

ಎಲ್ಲ ಸಂಸ್ಥೆಗಳೂ ಸರಿಯಾಗಿಯೇ ಮಾಡಿದವು ಎಂದು ಹೇಳಿದರೆ ಸುಳ್ಳಾಗುತ್ತದೆ. ಪೂರ್ತಿ ನೆಲಸಮವಾದ 52 ಹಳ್ಳಿಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಲಾಯಿತು. ಅದರಲ್ಲಿ ದಾನಿಗಳು ಕಟ್ಟಿಸಿದ ಊರುಗಳೂ ಇದ್ದವು. ಹೋಗಿ ನೋಡಿದರೆ ಪಟ್ಟಣದ ಲೇಔಟಿನಂತೆ ನೆಟ್ಟಗಿನ ರಸ್ತೆ, ಒಂದೇ ಅಚ್ಚಿನ ಮನೆ. ದನ ಕಟ್ಟುವುದೆಲ್ಲಿ, ಕಣಿಕೆ ಒಟ್ಟುವುದೆಲ್ಲಿ, ಅಣ್ಣತಮ್ಮಂದಿರು ಒತ್ತಿಗಿರುವುದು ಹೇಗೆ ಎಂದು ಕೇಳಿದವರು ಕಡಿಮೆ. ಹೊಸ ಮನೆಯಲ್ಲಿ ಜೋಳದ ಚೀಲ ಒಟ್ಟಿ, ತಾವು ಹೊರಗೆ ತಗಡಿನ ಶೆಡ್ಡಿನಲ್ಲಿ ಮಲಗುವ ಮನೆಯನ್ನು ನಾನೇ ಕಂಡಿದ್ದೇನೆ. ಮಲಗುವಾಗ ತಲೆಯ ಮೇಲೆ ಕಾಂಕ್ರೀಟು ಇರಬಾರದು ಎಂಬ ಹೆದರಿಕೆಯೂ ಅದರಲ್ಲಿ ಸೇರಿತ್ತು ಅನ್ನಿ.

ಕಛ್‌ನಲ್ಲಿ ಈ ತಪ್ಪು ಸ್ವಲ್ಪ ತಿದ್ದಿಕೊಂಡಿತು. ಅಲ್ಲಿ ಸರ್ಕಾರ ಮನೆಯವರಿಗೇ ಕಂತಿನಲ್ಲಿ ದುಡ್ಡು ಕೊಟ್ಟು, ನೀವೇ ಕಟ್ಟಿಕೊಳ್ಳಿ ಎಂದಿತು. ‘ಕಛ್ ನವನಿರ್ಮಾಣ ಅಭಿಯಾನ’ ಎಂಬ ಸಂಸ್ಥೆಗಳ ಒಕ್ಕೂಟ ಹಳ್ಳಿಗಳ ಗುಂಪಿಗೊಂದು ‘ಸೇತು’ ಕೇಂದ್ರ ತೆರೆಯಿತು. ಯಾವ ಅರ್ಜಿ, ಯಾವ ಕಂತು, ಯಾರ ಹೆಸರು ಪಟ್ಟಿಯಲ್ಲಿ ಬಿಟ್ಟುಹೋಗಿದೆ ಎಂದು ನೋಡಿ ತಿಳಿಸುವ ಜಾಗ ಅದು. ಪೇಪರಿನಲ್ಲಿ ಫೋಟೊ ಬರುವ ಕೆಲಸವಲ್ಲ. ಅಲ್ಲಿನ ಗುಂಡಗಿನ ‘ಭೂಂಗಾ’ ಗುಡಿಸಲುಗಳು ಕಂಪನವನ್ನು ತಡೆದುಕೊಂಡು ನಿಂತಿದ್ದವು. ಆಮೇಲೆ ಹುಟ್ಟಿದ ‘ಹುನ್ನರಶಾಲಾ’ ಎಂಬ ಸಂಸ್ಥೆ ಊರಿನ ಕುಶಲಕರ್ಮಿಗಳ ಮಣ್ಣಿನ ಕೆಲಸವನ್ನೇ ಭೂಕಂಪಕ್ಕೆ ತಕ್ಕಂತೆ ಸುಧಾರಿಸಿತು.

ಈಗ ಕುನಾರ್. ಅಲ್ಲೂ ಕಲ್ಲು ಮಣ್ಣಿನ ಮನೆಗಳು, ಅಲ್ಲೂ ಜನ ಮಲಗಿದ್ದ ಹೊತ್ತು. ಸತ್ತವರು 2,200ಕ್ಕೂ ಹೆಚ್ಚು. ನಮ್ಮ ಮಕ್ಕಳು ಟಿವಿಯಲ್ಲಿ ನೋಡಿ ಕೂಗಿದ್ದು, “ಸರ್, ಇದು ನಮ್ ಮುತ್ಯಾನ ಮನಿ ಹಂಗೇ ಐತ್ರಿ!” ಎಂದು. ನಮ್ಮ ದೇಶದಿಂದ ಡೇರೆ, ಆಹಾರ ಹೋಗಿವೆ. ಬೆಟ್ಟದ ಆ ಊರುಗಳಿಗೆ ನಮ್ಮ ಓಣಿಯ ಪ್ಯಾಂಟು ಶರ್ಟು ಮುಟ್ಟಿಸುವ ಖರ್ಚಿನಲ್ಲಿ ಅಲ್ಲೇ ಹತ್ತಿರದ ಪೇಟೆಯಲ್ಲಿ ಕಂಬಳಿ ಕೊಳ್ಳಬಹುದು. ಅಲ್ಲಿನ ಅಂಗಡಿಯವನಿಗೂ ನಾಲ್ಕು ಕಾಸಿನ ವ್ಯಾಪಾರವಾಗುತ್ತದೆ.

ಹಳೆ ಬಟ್ಟೆ ಯಾವ ಕೆಲಸಕ್ಕೂ ಬಾರದು ಎಂದಲ್ಲ. ಅನ್ಶು ಗುಪ್ತಾ ಅವರ ‘ಗೂಂಜ್’ ಸಂಸ್ಥೆ ಬದುಕುತ್ತಿರುವುದೇ ಹಳೆ ಬಟ್ಟೆಯ ಮೇಲೆ. ಆದರೆ ಅವರು ಒಂದೊಂದನ್ನೂ ಆರಿಸಿ, ಯಾವ ಸೀಮೆಗೆ ಯಾವ ಉಡುಪು ಎಂದು ನೋಡಿ ಕಳಿಸುತ್ತಾರೆ. ಊರಿನವರು ಕೆರೆ ಹೂಳೆತ್ತಿಯೋ ದಾರಿ ಸರಿಮಾಡಿಯೋ ತಮ್ಮ ದುಡಿಮೆಗೆ ಪ್ರತಿಯಾಗಿ ಬಟ್ಟೆ ಪಡೆಯುತ್ತಾರೆ. ಬೇಡಿ ಪಡೆದ ಭಾವನೆ ಬರಬಾರದು ಎಂಬುದು ಅವರ ಲೆಕ್ಕ. ನಮ್ಮ 43 ಗಂಟುಗಳಲ್ಲಿ ಆ ಕೆಲಸಕ್ಕೆ ಬರುವಂಥವು ಮೂರೋ ನಾಲ್ಕೋ ಇರಬಹುದು.

ಮುಂದೇನು ಅಂತ ಕೇಳುತ್ತೀರಿ. ದಯವಿಟ್ಟು ಮಕ್ಕಳ ಕೈಯಲ್ಲಿ ದುಡ್ಡು ಕಳಿಸಬೇಡಿ. ಇವನು ನೂರು ತಂದ, ಅವಳು ಹತ್ತು ತಂದಳು ಎಂಬ ಮಾತು ತರಗತಿಯಲ್ಲಿ ಬೇಡ. ಕೊಡಲೇಬೇಕು ಎನ್ನಿಸಿದವರು ಗುರುವಾರ ಸಂಜೆ 4 ಗಂಟೆಗೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಬನ್ನಿ, ಯಾವ ಸಂಸ್ಥೆ, ಹೇಗೆ ಎಂದು ಕೂತು ಮಾತಾಡೋಣ. ಆ ಸಂಸ್ಥೆಗೆ ನಾವು ಕೇಳಬೇಕಾದ ಪ್ರಶ್ನೆಯನ್ನು ಏಳನೇ ತರಗತಿಯವರೇ ಬರೆದುಕೊಟ್ಟಿದ್ದಾರೆ: “ಬರುವ ವರ್ಷ ಇದೇ ಹೊತ್ತಿಗೆ ನೀವು ಅಲ್ಲಿ ಇರ್ತೀರಾ?”

ಇನ್ನೊಂದು ಕೆಲಸ ದುಡ್ಡಿಲ್ಲದೆ ಆಗುವಂಥದ್ದು. ನಿಮ್ಮಲ್ಲಿ ಎಷ್ಟೋ ಮನೆಗಳು ಈಗಲೂ ಮಣ್ಣಿನ ಮಾಳಿಗೆಯವು. ಈ ಮಳೆಗಾಲ ಮುಗಿದ ಮೇಲೆ ಮತ್ತೊಂದು ಪದರ ಮಣ್ಣು ಹಾಕುವ ಮುಂಚೆ ಹಳೆಯದನ್ನು ಇಳಿಸಿ. ಒಳ್ಳೆ ಮೇಸ್ತ್ರಿಯನ್ನು ಕರೆದು ಗೋಡೆ ತೋರಿಸಿ. 1993 ಕಂಡ ಹಿರಿಯರು ಮನೆಯಲ್ಲಿದ್ದರೆ ದಸರಾ ರಜೆಗೆ ಮುಂಚೆ ಒಂದು ದಿನ ಶಾಲೆಗೆ ಕಳಿಸಿಕೊಡಿ, ಮಕ್ಕಳು ಕೇಳಿಸಿಕೊಳ್ಳಲಿ.

ಗಂಟುಗಳನ್ನು ಶನಿವಾರ ಬೆಳಗಿನ ಶಾಲೆ ಬಿಡುವ ಹೊತ್ತಿಗೆ ಒಯ್ಯಬೇಕು. ಎಲ್ಲದರ ಮೇಲೆ ಮಕ್ಕಳ ಹೆಸರು ಬರೆದಿದೆ. ಒಂದರ ಮೇಲೆ ಮಾತ್ರ ಹೆಸರಿಲ್ಲ. ಅದರಲ್ಲಿ ಅಂಚಿಗೆ ಕೆಂಪು ಬಟ್ಟೆ ಕೊಟ್ಟು, ಸಣ್ಣ ಹೊಲಿಗೆ ಹಾಕಿದ ಕೌದಿಯೊಂದಿದೆ, ಇನ್ನೂ ಹೊದ್ದಿದ್ದೇ ಇಲ್ಲ ಎನ್ನುವಷ್ಟು ಹೊಸದು. ಅಜ್ಜಿಗೆ ಹೇಳದೆ ಮೊಮ್ಮಕ್ಕಳು ತಂದಿರಬೇಕು. ಅದನ್ನು ಬೇರೆ ತೆಗೆದು ನನ್ನ ಬೀರುವಿನಲ್ಲಿ ಇಟ್ಟಿದ್ದೇನೆ.

ನಿಮ್ಮ,
ಮುಖ್ಯೋಪಾಧ್ಯಾಯರು