ಶನಿವಾರ ಸಂಜೆ ಬೆದೆಗೆ ಬರುವ ಹಸು: ಪಶುಸಂಗೋಪನಾ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

ನನ್ನ ಕೊಟ್ಟಿಗೆಯಲ್ಲಿ ಇರುವುದು ಎರಡೇ ಹಸು. ತಾಯಿ ಕೆಂಪಿ, ಮಗಳು ಬೆಳ್ಳಿ. ಮನೆಗೆ ಹಾಲು, ಹೊಲಕ್ಕೆ ಗೊಬ್ಬರ, ಉಳಿದರೆ ಪಕ್ಕದ ಮನೆಯವರಿಗೆ ಒಂದೆರಡು ಲೀಟರ್. ಇಷ್ಟೇ ವ್ಯವಹಾರ. ಇದನ್ನು ಡೇರಿ ಅಂತ ಕರೆದರೆ ಡೇರಿ ಇಟ್ಟವರು ನಗುತ್ತಾರೆ. ಆದರೆ ಹಸು ಗಬ್ಬ ಆಗುವ ವಿಷಯದಲ್ಲಿ ದೊಡ್ಡ ಡೇರಿಯವರಿಗಿಂತ ನಾವೇ ನಿಮ್ಮ ಇಲಾಖೆಯನ್ನು ಜಾಸ್ತಿ ನಂಬಿಕೊಂಡವರು. ಅವರು ಹೋರಿಯ ವೀರ್ಯ ಹೆಪ್ಪುಗಟ್ಟಿಸಿ ಇಡುವ ಸ್ವಂತ ಕಂಟೇನರ್ ಇಟ್ಟುಕೊಂಡು, ಅದರ ಇಂಜೆಕ್ಷನ್ ಹಾಕಲು ಆಳನ್ನೂ ಇಟ್ಟುಕೊಳ್ಳಬಹುದು. ನಾವು ಫೋನ್ ಮಾಡಿ ದಾರಿ ಕಾಯಬೇಕು.

ಹೋರಿ ಸಾಕಿ ಅನ್ನಬೇಡಿ. ವರ್ಷಕ್ಕೆ ಎರಡು ದಿನದ ಕೆಲಸಕ್ಕೆ 365 ದಿನ ಮೇವು ಹಾಕುವುದು ಯಾವ ಲೆಕ್ಕ? ಮೇಲಾಗಿ ಹಾಲಿನ ತಳಿಯ ಹೋರಿಗಳು, ಅದರಲ್ಲೂ ಜೆರ್ಸಿ, ನಂಬಿಕೆಗೆ ಅರ್ಹ ಅಲ್ಲ. ಕರುವಾಗಿದ್ದಾಗ ಕೈ ನೆಕ್ಕುತ್ತಿದ್ದದ್ದೇ ಎರಡು ವರ್ಷಕ್ಕೆ ನಮ್ಮನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ಬೇರೆಯವರ ಹೋರಿ ಹತ್ತಿರ ಹೊಡೆದುಕೊಂಡು ಹೋದರೆ ಅದು ಹತ್ತಾರು ಹಸುಗಳಿಂದ ಹೊತ್ತು ತಂದ ರೋಗವೂ ನಮ್ಮ ಹಸುವಿಗೆ ಅಂಟಬಹುದು. ಹಾಗಾಗಿ ನಮಗೆ ಕೃತಕ ಗರ್ಭಧಾರಣೆಯೇ ದಿಕ್ಕು. ಅದರ ಬಗ್ಗೆ ನನಗೆ ತಕರಾರೂ ಇಲ್ಲ.

ತಕರಾರು ಇರುವುದು ಭಾನುವಾರದ ಬಗ್ಗೆ.

ಹೋದ ವರ್ಷದ ಕಥೆ ಹೇಳುತ್ತೇನೆ. ಒಂದು ಶನಿವಾರ ಸಂಜೆ ಹಾಲು ಕರೆಯಲು ಕೂತರೆ ಕೆಂಪಿ ನಿಂತಲ್ಲಿ ನಿಲ್ಲಲಿಲ್ಲ. ಹಾಲು ಅರ್ಧಕ್ಕೆ ಇಳಿದಿತ್ತು. ಗೋದಲಿಯಲ್ಲಿ ಹಿಂಡಿ ಹಾಗೇ ಇತ್ತು. ಕೂಗು ಬೇರೆ, ಗಂಟಲು ಕಟ್ಟುವ ಹಾಗೆ. ಬಾಲ ಎತ್ತಿದಾಗ ಮೊಟ್ಟೆಯ ಬಿಳಿಯ ಹಾಗೆ ತಿಳಿಯಾದ ಲೋಳೆ ಒಂದು ಮೊಳ ಉದ್ದಕ್ಕೆ ಜೋತುಬಿದ್ದಿತ್ತು, ನೆಲ ಮುಟ್ಟಿದರೂ ತುಂಡಾಗಲಿಲ್ಲ. ಸಂಶಯವೇ ಇಲ್ಲ, ಬೆದೆ. ಒಂದೆರಡು ಹಸು ಇರುವ ಮನೆಯಲ್ಲಿ ಬೆದೆ ಗುರುತಿಸುವುದೇ ಒಂದು ಕಷ್ಟ ಸ್ವಾಮಿ. ಇಪ್ಪತ್ತು ಹಸು ಇದ್ದಲ್ಲಿ ಒಂದರ ಮೇಲೊಂದು ಹತ್ತುತ್ತವೆ, ಹತ್ತಿಸಿಕೊಂಡು ಅಲ್ಲಾಡದೆ ನಿಂತದ್ದು ಬೆದೆಯಲ್ಲಿದೆ ಎಂದು ದೂರದಿಂದಲೇ ಗೊತ್ತಾಗುತ್ತದೆ. ನಮ್ಮಲ್ಲಿ ಹತ್ತಲು ಯಾರಿದ್ದಾರೆ? ಆಗ ಬೆಳ್ಳಿ ಇನ್ನೂ ಸಣ್ಣ ಕರು. ಇಂಥ ಸಣ್ಣಪುಟ್ಟ ಸೂಚನೆ ನೋಡಿಕೊಂಡೇ ಹಿಡಿಯಬೇಕು. ಹಿಡಿದೆ ಎಂದು ಖುಷಿಯಾಯಿತು.

ನಿಮ್ಮ ಇಲಾಖೆಯ ಕರಪತ್ರದಲ್ಲೇ ಬರೆದಿರುತ್ತದಲ್ಲ, ಬೆಳಿಗ್ಗೆ ಬೆದೆ ಕಂಡರೆ ಸಂಜೆ ಹಾಕಿಸಿ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಎಂದು. ಅಂದರೆ ಭಾನುವಾರ ಬೆಳಿಗ್ಗೆ. ನಿಮ್ಮ ಇಲಾಖೆಯವರಿಗೆ ಫೋನ್ ಮಾಡಿದೆ, ಭಾನುವಾರ ರಜೆ. ಸೋಮವಾರ ಬೆಳಿಗ್ಗೆ ಮತ್ತೆ ಮಾಡಿದೆ, ಪಾಪ ಇಂಜೆಕ್ಷನ್ ಹಾಕುವವರು 11 ಗಂಟೆಗೆ ಬಂದರು. ಅಷ್ಟೊತ್ತಿಗೆ ನಾನು ಬೆದೆ ಕಂಡು ಸುಮಾರು 40 ಗಂಟೆ ಆಗಿತ್ತು. ಬೆದೆ ಇರುವುದೇ 12ರಿಂದ 18 ಗಂಟೆ. ಅದು ಮುಗಿದು 10-12 ಗಂಟೆಗೆ ಅಂಡ ಬಿಡುಗಡೆ ಆಗುತ್ತದೆ, ಆ ಅಂಡದ ಆಯುಸ್ಸು ಅರ್ಧ ದಿನಕ್ಕಿಂತ ಜಾಸ್ತಿ ಇಲ್ಲ. ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಹಾಕಿದರು, ನಾನೂ ಹಾಕಿಸಿಕೊಂಡೆ. ಮನಸ್ಸಿನ ಸಮಾಧಾನಕ್ಕೆ. ಮಂಗಳವಾರ ಬಾಲದ ಕೂದಲಿಗೆ ಒಂದಿಷ್ಟು ರಕ್ತ ಅಂಟಿತ್ತು. ಬೆದೆ ದಾಟಿ ಹೋದ ಮೇಲೆ ಎಷ್ಟೋ ಹಸುಗಳಿಗೆ ಹಾಗಾಗುತ್ತದೆ.

ಈಗ ಕೇಳಿ. ಹಸು ಗಬ್ಬ ನಿಲ್ಲದಿದ್ದರೆ ಮತ್ತೆ ಬೆದೆಗೆ ಬರುವುದು ಸುಮಾರು 21 ದಿನಕ್ಕೆ. 21 ದಿನ ಅಂದರೆ ಸರಿಯಾಗಿ ಮೂರು ವಾರ. ಶನಿವಾರ ಸಂಜೆ ಬಂದ ಹಸು ಮೂರು ವಾರ ಬಿಟ್ಟು ಮತ್ತೆ ಶನಿವಾರದ ಆಸುಪಾಸಿನಲ್ಲೇ ಬರುತ್ತದೆ! ಕೆಂಪಿ ಹಾಗೇ ಬಂತು. ಅದೇ ಶನಿವಾರ, ಅದೇ ಸಂಜೆ, ಅದೇ ಭಾನುವಾರದ ರಜೆ. 18 ದಿನದಿಂದ 24 ದಿನದವರೆಗೆ ಹೆಚ್ಚುಕಮ್ಮಿ ಆಗುವುದುಂಟು, ಆ ಹೆಚ್ಚುಕಮ್ಮಿಯೇ ನಮ್ಮ ಪುಣ್ಯ. ಮೂರನೇ ಸಲ ಒಂದು ದಿನ ಮೊದಲು, ಶುಕ್ರವಾರ ಸಂಜೆ ಬಂತು. ಶನಿವಾರ ಬೆಳಿಗ್ಗೆ ಹಾಕಿಸಿದ್ದು ನಿಂತಿತು. 41 ದಿನ ಸುಮ್ನೆ ಹೋಯಿತು.

41 ದಿನ ಏನು ಮಹಾ ಅನ್ನಿಸಬಹುದು. ಹಸು ಗಬ್ಬ ಹೊರುವುದು ಸುಮಾರು 280 ದಿನ. ವರ್ಷಕ್ಕೊಂದು ಕರು ಬೇಕು ಎಂದು ನಿಮ್ಮವರೇ ಹೇಳುತ್ತಾರೆ, ಹಾಗಾದರೆ ಉಳಿದದ್ದು 85 ದಿನ. ಕರು ಹಾಕಿದ ಮೇಲೆ ಗರ್ಭಕೋಶ ಸುಧಾರಿಸಿಕೊಳ್ಳಲು 50-60 ದಿನ ಬಿಡಬೇಕು. ಕೈಯಲ್ಲಿ ಉಳಿಯುವುದು ಒಂದು ಬೆದೆ, ತಪ್ಪಿದರೆ ಇನ್ನೊಂದು. ಅದರಲ್ಲಿ ಎರಡೂ ಭಾನುವಾರಕ್ಕೆ ಹೋದರೆ? ನನಗೇನೂ ವರ್ಷಕ್ಕೊಂದು ಕರು ಬೇಕೇ ಬೇಕು ಎಂಬ ಹಟ ಇಲ್ಲ. ಹಾಲು ಚೆನ್ನಾಗಿ ಕೊಡುತ್ತಿರುವ ಮನೆಹಸುವನ್ನು ಇನ್ನೂ ನಾಲ್ಕು ತಿಂಗಳು ಕರೆದುಕೊಂಡರೆ ತಪ್ಪೇನಿಲ್ಲ ಎಂಬ ಕಡೆಯವನು ನಾನು. ನನಗೆ ಬೇಕಾದದ್ದು ಎರಡು ಹಸು ಆರಾರು ತಿಂಗಳ ಅಂತರದಲ್ಲಿ ಈಯುವುದು. ಒಂದರ ಹಾಲು ಬತ್ತಿಸಿ ಎರಡು ತಿಂಗಳು ಬಿಟ್ಟಾಗ ಇನ್ನೊಂದು ಕರೆಯುತ್ತಿರಬೇಕು. ಆ ಹೊಂದಾಣಿಕೆ ನಾನು ಮಾಡಬೇಕು, ಕಚೇರಿಯ ಬೀಗ ಮಾಡಬಾರದು ಅಲ್ವಾ?

ಈಗೀಗ ಹೆಣ್ಣುಕರುವೇ ಹುಟ್ಟುವ ವೀರ್ಯ ಬಂದಿದೆ ಎಂದು ಜೋರು ಪ್ರಚಾರ. ಒಳ್ಳೆಯದೇ, ಹತ್ತರಲ್ಲಿ ಒಂಬತ್ತು ಹೆಣ್ಣು. ಆದರೆ ಅದರಲ್ಲಿ ಗಬ್ಬ ನಿಲ್ಲುವುದು ಮಾಮೂಲಿ ವೀರ್ಯಕ್ಕಿಂತ ಕಮ್ಮಿ. ಅದಕ್ಕೆ ಹೊತ್ತು ಇನ್ನೂ ಸರಿಯಾಗಿ ಕೂಡಿಬರಬೇಕು. ಸೋಮವಾರ 11 ಗಂಟೆಗೆ ಅದನ್ನು ತಂದು ಏನು ಮಾಡಲಿ?

ಇನ್ನೊಂದು ವಿಷಯ, ಇದನ್ನು ಹೇಳಲು ಹೊಟ್ಟೆ ಉರಿಯುತ್ತದೆ. ಕೆಂಪಿಗೆ ಬೆಳ್ಳಿಗಿಂತ ಮೊದಲು ಇನ್ನೊಬ್ಬಳು ಮಗಳಿದ್ದಳು. ಜೆರ್ಸಿ ಮಿಶ್ರಣ, ಸಣ್ಣ ಆಳು. ಮೊದಲ ಸೂಲಿಗೆ ಹಾಕಿಸಿದ್ದು ಯಾವ ಹೋರಿಯದೋ ನನಗೆ ಗೊತ್ತಿರಲಿಲ್ಲ, ಕೇಳಬೇಕು ಎಂಬ ಬುದ್ಧಿಯೂ ಇರಲಿಲ್ಲ. ಆವತ್ತು ಬಂದವರು ಕಂಟೇನರಿನಿಂದ ಸ್ಟ್ರಾ (ವೀರ್ಯ ತುಂಬಿದ ಸಣ್ಣ ಕೊಳವೆ) ತೆಗೆದು ಅಂಗೈಯಲ್ಲಿ ಉಜ್ಜಿ ಕರಗಿಸಿದ್ದು ಮಾತ್ರ ನೆನಪಿದೆ. ಮೈನಸ್ 196 ಡಿಗ್ರಿಯಲ್ಲಿ ಇದ್ದದ್ದನ್ನು 35-37 ಡಿಗ್ರಿ ನೀರಿನಲ್ಲಿ ಅರ್ಧ ನಿಮಿಷ ಇಟ್ಟು ಕರಗಿಸಬೇಕು ಎಂದು ಆಮೇಲೆ ಕಲಿತೆ. ಆದರೂ ಗಬ್ಬ ನಿಂತಿತು. ಈಯುವ ದಿನ ಎರಡು ಕಾಲು, ಒಂದು ಮೂತಿ ಕಂಡು ಹಾಗೇ ನಿಂತುಬಿಟ್ಟಿತು. ನಾಲಿಗೆ ಹೊರಗೆ ಬಂದು ನೀಲಿಗಟ್ಟುತ್ತಿತ್ತು. ಡಾಕ್ಟರು ಬಂದು ಹಗ್ಗ ಕಟ್ಟಿ ಎಳೆದಾಗ ಕರು ಹೋಗಿತ್ತು. ಆ ಸಣ್ಣ ಕಡಸಿಗೆ ಕೂರದಷ್ಟು ದೊಡ್ಡ ಕರು. ಒಳಗೆ ನರ ಜಜ್ಜಿ ಮೂರು ದಿನ ಎದ್ದು ನಿಲ್ಲಲಾಗದೆ ಮಲಗಿತ್ತು, ನಾಲ್ಕನೇ ದಿನ ಅದನ್ನೂ ಕಳಕೊಂಡೆವು. ಇಂಜೆಕ್ಷನ್ ಹಾಕಿದ್ದನ್ನು ಬರೆದಿಡುವ ಕಾರ್ಡು ತೆಗೆದು ನೋಡಿದರೆ ಹೋರಿ ಸಂಖ್ಯೆ ಎಂಬ ಜಾಗ ಖಾಲಿ.

ಜೆರ್ಸಿ ಕರು ಹುಟ್ಟುವಾಗ 25 ಕಿಲೋ ಆಸುಪಾಸು, ಹೋಲ್‌ಸ್ಟೀನ್ ಕರು 40 ಕಿಲೋ ಆಸುಪಾಸು. ಒಂದೇ ತಳಿಯಲ್ಲೂ ಸುಲಭವಾಗಿ ಈಯಿಸುವ ಹೋರಿ ಬೇರೆ, ದಪ್ಪ ಕರು ಹುಟ್ಟಿಸುವ ಹೋರಿ ಬೇರೆ. ಈ ಲೆಕ್ಕ ಹೋರಿ ಸಾಕುವ ಕೇಂದ್ರಗಳಲ್ಲಿ ಇರುತ್ತದೆ. ನನ್ನ ಕೊಟ್ಟಿಗೆಗೆ ಬರುವಷ್ಟರಲ್ಲಿ ಎಲ್ಲೋ ಬಿದ್ದು ಹೋಗುತ್ತದೆ.

ಹೋರಿ ಸಂಖ್ಯೆ ಯಾಕೆ ಬೇಕು ಎಂಬುದಕ್ಕೆ ಇನ್ನೊಂದು ಕಾರಣ ಇದೆ. ಹೆಪ್ಪುಗಟ್ಟಿಸಿದ ವೀರ್ಯ ಹೋರಿ ಸತ್ತ ಮೇಲೂ ವರ್ಷಗಟ್ಟಲೆ ಬರುತ್ತಿರುತ್ತದೆ. ಕೆಂಪಿಗೆ ಹಾಕಿದ ಹೋರಿಯನ್ನೇ ಎರಡು ವರ್ಷ ಬಿಟ್ಟು ಬೆಳ್ಳಿಗೂ ಹಾಕಿದರೆ ಅಪ್ಪ-ಮಗಳ ಸಂಬಂಧ ಆಗುತ್ತದೆ, ಅದು ನನಗೂ ತಿಳಿಯದು, ಹಾಕಿದವರಿಗೂ ತಿಳಿಯದು. ಅಮೆರಿಕದಲ್ಲಿ 1962ರಲ್ಲಿ ಹುಟ್ಟಿದ ಪಾನಿ ಫಾರ್ಮ್ ಅರ್ಲಿಂಡಾ ಚೀಫ್ ಎಂಬ ಹೋಲ್‌ಸ್ಟೀನ್ ಹೋರಿಗೆ 16,000 ಹೆಣ್ಣುಮಕ್ಕಳು. ಹಾಲಿಗೆ ಹೆಸರುವಾಸಿ. ಅದರ ರಕ್ತದಲ್ಲಿ ಒಂದು ದೋಷ ಅಡಗಿತ್ತು, ತಾಯಿ ತಂದೆ ಇಬ್ಬರಿಂದಲೂ ಬಂದರೆ ಕರು ಹೊಟ್ಟೆಯಲ್ಲೇ ಸಾಯುತ್ತದೆ. ಅದು ಪತ್ತೆಯಾಗುವಷ್ಟರಲ್ಲಿ ಅದರ ವಂಶ ಜಗತ್ತಿನ ಮೂಲೆಮೂಲೆಗೆ ಹೋಗಿ ಆಗಿತ್ತು. ಸಾಕಿದವರಿಗೆ ಕಾಣುವುದು ಇಷ್ಟೇ: ಯಾಕೋ ಗಬ್ಬ ನಿಲ್ಲಲಿಲ್ಲ.

ಜಾಸ್ತಿ ಹಾಲಿನ ಹೋರಿಯನ್ನೇ ನಮಗೂ ಕೊಡುತ್ತೀರಿ, ಉಪಕಾರ ಅಂತ. ದಿನಕ್ಕೆ 30 ಲೀಟರ್ ಕೊಡುವ ಹಸುವನ್ನು ನಾನೇನು ಮಾಡಲಿ? ಕರು ಹಾಕಿದ ಮೊದಲ ತಿಂಗಳುಗಳಲ್ಲಿ ಅದಕ್ಕೆ ಬೇಕಾದಷ್ಟು ಹಿಂಡಿ ಹಾಕಲು ನನ್ನ ಕೈಲಾಗುವುದಿಲ್ಲ. ಅದು ತನ್ನ ಮೈಯ ಮಾಂಸ ಕರಗಿಸಿ ಹಾಲು ಕೊಡುತ್ತದೆ, ಮೂಳೆ ಬಿಟ್ಟುಕೊಳ್ಳುತ್ತದೆ, ಬೆದೆಗೇ ಬರುವುದಿಲ್ಲ. ನನಗೆ 8-10 ಲೀಟರ್ ಸಾಕು. ಒದೆಯದ ಸ್ವಭಾವ ಬೇಕು, ಗಟ್ಟಿ ಗೊರಸು ಬೇಕು, ಕೈಗೆ ಸಿಗುವಷ್ಟು ಉದ್ದದ ಮೊಲೆತೊಟ್ಟು ಬೇಕು (ಮೆಷಿನ್ನಿಗೆಂದು ಆರಿಸಿದ ತಳಿಗಳಲ್ಲಿ ತೊಟ್ಟು ಎರಡು ಬೆರಳಿಗೂ ಸಿಗುವುದಿಲ್ಲ, ಕರೆದವರಿಗೇ ಗೊತ್ತು ಆ ಕಷ್ಟ). ಜೆರ್ಸಿಯೇ ಸರ್ವಶ್ರೇಷ್ಠ ಎಂದೂ ನಾನು ಹೇಳುತ್ತಿಲ್ಲ. ಹಾಲು ಗಟ್ಟಿ, ಮೇವು ಕಮ್ಮಿ ಸಾಕು, ಆದರೆ ಈದ ಮರುದಿನವೇ ರಕ್ತದಲ್ಲಿ ಸುಣ್ಣದಂಶ (ಕ್ಯಾಲ್ಸಿಯಂ) ಇಳಿದು, ಕಿವಿ ತಣ್ಣಗಾಗಿ, ಕತ್ತು ಪಕ್ಕೆಗೆ ತಿರುಗಿಸಿ ಮಲಗಿಬಿಡುವುದು ಅವುಗಳಲ್ಲೇ ಜಾಸ್ತಿ. ಯಾವುದು ಬೇಕು ಎಂಬುದನ್ನು ಸಾಕುವವರು ಆರಿಸಲಿ ಅಂತಷ್ಟೇ.

ಹಾಗಾಗಿ ಕೇಳುವುದು ದೊಡ್ಡದೇನಲ್ಲ. ಭಾನುವಾರ ಮತ್ತು ರಜಾದಿನಗಳಲ್ಲಿ ಸರದಿಯ ಮೇಲೆ ಒಬ್ಬರು ಇರಲಿ, ಅವರಿಗೆ ಅದರ ಬದಲು ಬೇರೆ ದಿನ ರಜೆ ಕೊಡಿ. ದುಡಿಯುವವರ ಹೊಟ್ಟೆ ಮೇಲೆ ಹೊಡೆಯಿರಿ ಎಂದು ನಾನು ಕೇಳುತ್ತಿಲ್ಲ. ಕಾರ್ಡಿನಲ್ಲಿ ಹೋರಿ ಸಂಖ್ಯೆ ಬರೆಯದೆ ಯಾರೂ ಕೊಟ್ಟಿಗೆ ಬಿಟ್ಟು ಹೋಗದಿರಲಿ. ಕಡಸುಗಳಿಗೆಂದೇ ಸುಲಭವಾಗಿ ಈಯಿಸುವ ಒಂದೆರಡು ಹೋರಿಯ ಸ್ಟ್ರಾ ಎಲ್ಲ ಕಂಟೇನರಿನಲ್ಲೂ ಇರಲಿ. ಎರಡು ತಿಂಗಳಿಗೆ ಬಂದು ಗಬ್ಬ ನಿಂತಿದೆಯೋ ಇಲ್ಲವೋ ನೋಡಿ ಹೇಳಿದರೆ ಇನ್ನೂ ಉಪಕಾರ. ಬೆದೆಗೆ ಬರಲಿಲ್ಲ ಅಂದಮಾತ್ರಕ್ಕೆ ಗಬ್ಬ ಎಂದುಕೊಂಡು ಐದು ತಿಂಗಳು ಕಾದು ಖಾಲಿ ಹಸು ಕಂಡವರು ಎಷ್ಟೋ ಜನ ಇದ್ದಾರೆ.

ಕೆಂಪಿ ಈದು ಎರಡು ತಿಂಗಳ ಮೇಲಾಯಿತು, ತಾಯಿ ಕರು ಚೆನ್ನಾಗಿವೆ. ಮೊನ್ನೆ ಮತ್ತೆ ಬೆದೆಗೆ ಬಂತು. ಯಾವ ವಾರ ಎಂದು ಕೇಳಬೇಡಿ. ಈ ಸಲ ಫೋನ್ ಮಾಡುವ ಗೋಜಿಗೇ ಹೋಗಲಿಲ್ಲ. ಕ್ಯಾಲೆಂಡರಿನಲ್ಲಿ ಮೂರು ವಾರ ಎಣಿಸಿ ಒಂದು ಭಾನುವಾರಕ್ಕೆ ಕೆಂಪು ಸುತ್ತು ಹಾಕಿ ಇಟ್ಟಿದ್ದೇನೆ. ಆವತ್ತು ಬೆಳಿಗ್ಗೆ ಯಾವ ನಂಬರಿಗೆ ಫೋನ್ ಮಾಡಬೇಕು ಎಂದು ದಯವಿಟ್ಟು ತಿಳಿಸಿ.

ಇಂತಿ,
ಎರಡು ಹಸುವಿನ ಮನೆಯವನು