ಏಪ್ರಿಲ್ ತಿಂಗಳ ಹಿಮದ ವಿಷಯವಾಗಿ

ಮಧುಗಿರಿ

ಚಿ. ಕಾವ್ಯಾಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಏಪ್ರಿಲ್ ತಿಂಗಳಲ್ಲಿ ಗೆಳತಿಯರೊಂದಿಗೆ ಹಿಮಾಚಲಕ್ಕೆ ಚಾರಣ ಹೊರಡುತ್ತೀಯೆಂದು ನಿನ್ನ ತಂದೆ ತಿಳಿಸಿದನು. ಬೇಡವೆನ್ನಲು ನಾನು ಬರೆಯುತ್ತಿಲ್ಲ. ಸೈನ್ಯದಲ್ಲಿದ್ದಾಗ ಲಡಾಖಿನ ಹಿಮದಲ್ಲಿ ಕಲಿತದ್ದನ್ನು ನಿನಗೆ ಹೇಳದೆ ಇರಲಾರೆ.

ನಮ್ಮೂರ ಏಕಶಿಲಾ ಬೆಟ್ಟವನ್ನು ನೀನು ಚಿಕ್ಕಂದಿನಿಂದಲೂ ಹತ್ತಿದವಳು. ಬೆಳಿಗ್ಗೆ ಕಾಲೂರಿದ ಬಂಡೆ ಸಂಜೆ ಇಳಿಯುವಾಗಲೂ ಹಾಗೆಯೇ ಇರುತ್ತದೆಂಬ ಆ ರೂಢಿಯ ನಂಬಿಕೆಯನ್ನು ಹಿಮದ ಮೇಲೆ ಇಡಬೇಡ. ವಸಂತದಲ್ಲಿ ಹಗಲಿನ ಬಿಸಿಲಿಗೆ ಕರಗಿದ ಹಿಮ ರಾತ್ರಿಯ ಚಳಿಗೆ ಹೆಪ್ಪುಗಟ್ಟಿ, ಮುಂಜಾನೆ ಕಲ್ಲಿನಂತಾಗಿರುತ್ತದೆ. ಬಿಸಿಲೇರಿದಂತೆ ಕರಗಿದ ನೀರು ಒಳಕ್ಕಿಳಿದು ಹರಳುಗಳ ನಡುವಿನ ಬೆಸುಗೆಯನ್ನು ಸಡಿಲಿಸಿದಾಗ ಇಡೀ ಇಳಿಜಾರೇ ಜಾರಬಹುದು. ಒಮ್ಮೆ ನಾವು ಬೆಳಿಗ್ಗೆ ಆರಕ್ಕೆ ದಾಟಿದ ಇಳಿಜಾರು ಅದೇ ಮಧ್ಯಾಹ್ನ ಕುಸಿದು, ನಮ್ಮ ಹೆಜ್ಜೆಗುರುತುಗಳನ್ನೆಲ್ಲ ಕಣಿವೆಗೆ ಒಯ್ದದ್ದನ್ನು ಎದುರಿನ ದಿಬ್ಬದಿಂದ ನೋಡಿದ್ದೇನೆ. ನಿನ್ನ ದೊಡ್ಡಮ್ಮನಿಗೆ ಇದನ್ನು ಇಂದಿಗೂ ಹೇಳಿಲ್ಲ.

ಆದ್ದರಿಂದ ಕತ್ತಲಿರುವಾಗಲೇ ಹೊರಟು, ಬಿಸಿಲು ಬಲಿಯುವ ಮೊದಲೇ ಇಳಿಜಾರುಗಳನ್ನು ದಾಟಿಬಿಡಬೇಕು. ಪೂರ್ವದ ಮುಖಕ್ಕೆ ಮೊದಲು ಬಿಸಿಲು ತಗಲುವುದರಿಂದ ಅದು ಬೇಗ ಮೆತ್ತಗಾಗುತ್ತದೆ. ರಾತ್ರಿ ಮೋಡ ಕವಿದಿದ್ದರೆ ಹಿಮ ಸರಿಯಾಗಿ ಹೆಪ್ಪುಗಟ್ಟಿರುವುದಿಲ್ಲ. ನಸುಕಿನಲ್ಲೇ ಬೂಟು ಹರಡಿನವರೆಗೆ ಹೂತರೆ ಅಂದು ಹಿಂದಿರುಗು.

ಕಣ್ಣಿಗೆ ಕಾಣದ ಇನ್ನೊಂದು ಅಪಾಯವಿದೆ. ಚಳಿಗಾಲದಲ್ಲಿ ಹಿಮ ಪದರಪದರವಾಗಿ ಬೀಳುತ್ತದೆ. ಕೆಲವೆಡೆ ತಳದ ಪದರ ಒಂದಕ್ಕೊಂದು ಅಂಟದ ಸಕ್ಕರೆ ಹರಳಿನಂತಾಗಿ, ಮೇಲಿನ ಹಲಗೆಯಂಥ ಗಟ್ಟಿ ಪದರವನ್ನು ಹೊರಲಾರದೆ, ಒಬ್ಬನೇ ಮನುಷ್ಯನ ಭಾರಕ್ಕೂ ಕುಸಿಯುತ್ತದೆ. ಕಾಲಡಿಯಲ್ಲಿ ಧೊಪ್ಪೆಂಬ ಸದ್ದು ಕೇಳಿದರೆ, ಹೆಜ್ಜೆಯಿಂದ ಬಿರುಕು ಓಡಿದರೆ, ಯಾರ ಅಪ್ಪಣೆಗೂ ಕಾಯದೆ ಹಿಂದೆ ಸರಿ. 30ರಿಂದ 45 ಡಿಗ್ರಿಯ ಇಳಿಜಾರುಗಳಲ್ಲೇ ಹೆಚ್ಚಿನ ಕುಸಿತಗಳಾಗುತ್ತವೆ. ಹೊಸ ಹಿಮ ಬಿದ್ದರೆ ಎರಡು ದಿನವಾದರೂ ಅಲ್ಲಿಗೆ ಹೋಗಬೇಡ.

2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನ ಹಿಮದಡಿ ಆರು ದಿನ ಜೀವ ಹಿಡಿದಿದ್ದ ಧಾರವಾಡ ಜಿಲ್ಲೆಯ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದರನ್ನು ನೆನೆದು ಯಾರೂ ಧೈರ್ಯ ತಾಳಬಾರದು. ಆ ವೀರರೂ ಕೊನೆಗೆ ಉಳಿಯಲಿಲ್ಲ. ಹೂತವರನ್ನು ಸುಮಾರು ಹದಿನೈದು ನಿಮಿಷದೊಳಗೆ ತೆಗೆಯದಿದ್ದರೆ ಬದುಕುವ ಆಸೆ ಬೇಗ ಕುಗ್ಗುತ್ತದೆ. ಅಷ್ಟರಲ್ಲಿ ಹೊರಗಿನ ನೆರವು ತಲುಪಲಾರದು, ಪಕ್ಕದಲ್ಲಿರುವ ಜೊತೆಗಾರರೇ ಅಗೆಯಬೇಕು. 2023ರ ಏಪ್ರಿಲ್ 4ರಂದು ಸಿಕ್ಕಿಂನ ನಾಥು ಲಾ ರಸ್ತೆಯಲ್ಲಿ ಹಿಮ ಕುಸಿದು ಏಳು ಪ್ರವಾಸಿಗರು ತೀರಿಕೊಂಡರು.

ಮುಂಗಡ ಹಣ ಕಟ್ಟುವ ಮೊದಲು ತಂಡದ ಮುಖ್ಯಸ್ಥನನ್ನು ಕೇಳು: ಹಿಮದ ಇಳಿಜಾರನ್ನು ಎಷ್ಟು ಗಂಟೆಗೆ ದಾಟಿಸುತ್ತಾನೆ, ಪ್ರತಿಯೊಬ್ಬರ ಬಳಿ ಹೂತವರನ್ನು ಪತ್ತೆಮಾಡುವ ಟ್ರಾನ್ಸ್‌ಸೀವರ್, ಉದ್ದನೆಯ ಶೋಧನೆಯ ಕೋಲು, ಸಲಿಕೆ ಇರುತ್ತವೆಯೇ ಎಂದು. ತಿಂಡಿ ಮುಗಿಸಿಕೊಂಡು ನಿಧಾನವಾಗಿ ಹೊರಡುತ್ತೇವೆಂದು ಆತ ಹೇಳಿದರೆ, ಹಣ ಕಟ್ಟದೆ ನನಗೊಂದು ಫೋನ್ ಮಾಡು.

ಇಂತಿ,
ನಿನ್ನ ದೊಡ್ಡಪ್ಪ